ಕಪ್ಪಾಗದ ರಕ್ತ

ಮಂಗಳೂರಿನ ಮೀನಿನ ಲಾರಿ ಇನ್ನೂ ಬಂದಿರಲಿಲ್ಲ. ಪುತ್ತೂರು ಮಾರ್ಕೆಟಿನ ತಗಡಿನ ಮಾಡಿನ ಕೆಳಗೆ ಕಮಲಾವತಿ ಮುಚ್ಚಳದ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಸೆರಗಿನೊಳಗೆ ಮರೆಮಾಡಿಕೊಂಡು ನಿಂತಿದ್ದಳು. ಮರೆಮಾಡುವುದರಲ್ಲಿ ಅರ್ಥವೇನೂ ಇರಲಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಟೀಚರಮ್ಮ ಮೀನು ಕೊಳ್ಳದೆ ಬರೀ ಮಂಜುಗಡ್ಡೆ ಒಯ್ಯುತ್ತಾಳೆಂಬುದು ಅಲ್ಲಿದ್ದವರಿಗೆಲ್ಲ ಹಳೆಯ ಸುದ್ದಿ. ಆದರೂ ಯಾರಾದರೂ ತಿರುಗಿ ನೋಡಿದಾಗೆಲ್ಲ ಏನನ್ನೋ ಕದಿಯಲು ಬಂದವಳ ಹಾಗೆ ಅವಳ ಕಿವಿ ಬಿಸಿಯಾಗುತ್ತಿತ್ತು. ಮಾರ್ಚಿನ ಬಿಸಿಲು ಬೆಳಗ್ಗೆಯೇ ತಗಡನ್ನು ಕಾಯಿಸತೊಡಗಿತ್ತು. ನಿನ್ನೆಯ ಬಂಗುಡೆಯ ನೀರು ಒಣಗಿದ ಕಲ್ಲುಹಾಸಿನ ಮೇಲೆ ನೊಣಗಳು ಏಳುತ್ತ ಕೂರುತ್ತ ಇದ್ದವು. ಇವತ್ತು ಪ್ರೊಫೆಸರರು ಬರುತ್ತಾರೆ. ಮೈಸೂರಿನ ಅದೇ ಪ್ರೊಫೆಸರರು. ಕಾಲೇಜಿನ ಪ್ರಯೋಗಶಾಲೆಯನ್ನು ನೋಡಿ ಒಪ್ಪಿಗೆ ಕೊಡಲು ಬರುತ್ತಿರುವ ಸಮಿತಿಯಲ್ಲಿ ಅವರ ಹೆಸರಿದೆಯೆಂದು ತಿಳಿದ ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ. ವಿಭಾಗದ ಮುಖ್ಯಸ್ಥರಾದ ತ್ಯಾಂಪಣ್ಣ ಶೆಟ್ಟರು ನಿನ್ನೆ ಅವಳನ್ನು ಕರೆದು, ಒರಟು ಮಾತೊಂದನ್ನೂ ಆಡದೆ, ಕಪ್ಪೆಯ ಅಸ್ಥಿಪಂಜರ, ಹಾವಿನ ಜಾಡಿಗಳು, ಹೊಸ ಸೂಕ್ಷ್ಮದರ್ಶಕ ಇಷ್ಟನ್ನು ತೋರಿಸಿದರೆ ಸಾಕು, ಆ ಹುಳದ ವಿಷಯ ಈ ಸಲ ಬೇಡ ಎಂದಿದ್ದರು. ಅವಳ ಹುದ್ದೆ ಖಾಯಂ ಆಗಬೇಕಾದ್ದೂ ಇದೇ ಸಮಿತಿಯ ಮುಂದೆ. ಅದನ್ನು ಶೆಟ್ಟರು ಬಾಯಿಬಿಟ್ಟು ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೆ. ಆಗಲಿ ಸರ್ ಎಂದು ಬಂದಿದ್ದಳು. ಆಗಲಿ ಎಂದವಳು ಇಲ್ಲಿ ಯಾಕೆ ನಿಂತಿದ್ದಾಳೆ?

ಚಿಕ್ಕವಳಿದ್ದಾಗ ಹುಟ್ಟೂರು ಅಜ್ಜಾವರದಲ್ಲಿ ಅಪ್ಪ ಗೊಬ್ಬರದ ಗುಂಡಿ ಬಗೆಯುತ್ತಿದ್ದ ಬೆಳಗಿನಲ್ಲಿ ಅವಳು ಹೀಗೆಯೇ ಒಂದು ಬದಿಯಲ್ಲಿ ನಿಂತಿರುತ್ತಿದ್ದಳು. ಹಾರೆ ಮೇಲೆದ್ದಾಗೆಲ್ಲ ಬಿಳಿಯ, ಬೆರಳಿಗಿಂತ ದಪ್ಪದ ಕುರುವಾಯಿ ಹುಳಗಳು ಮಡಚಿಕೊಂಡೇ ಉರುಳಿ ಬರುತ್ತಿದ್ದವು. ದೊಡ್ಡದಾದರೆ ಕೊಂಬಿನ ದುಂಬಿಗಳಾಗಿ ತೆಂಗಿನ ಸುಳಿ ಕೊರೆಯುವಂಥವು. ಹೆಕ್ಕಿ ಕೋಳಿಗೆ ಹಾಕುವುದು ಅವಳ ಕೆಲಸ. ಹಾರೆ ತಾಗಿದ ಹುಳದಿಂದ ಎಳನೀರಿನಂಥ ಹನಿಯೊಂದು ಉಕ್ಕಿ, ನೋಡುತ್ತಿದ್ದ ಹಾಗೆಯೇ ಕಂದಾಗಿ, ಆಮೇಲೆ ಮಸಿಯಂತೆ ಕಪ್ಪಾಗುತ್ತಿತ್ತು. ಸತ್ತದ್ದು ಕಪ್ಪಾಗುತ್ತದೆ ಎಂದು ಅಪ್ಪ ಬೆಳ್ಯಪ್ಪ ಹೇಳಿದ್ದ. ಆದರೆ ಒಂದು ದಿನ ಬೆನ್ನ ಮೇಲೆ ಕಪ್ಪು ಚುಕ್ಕೆಯಿದ್ದ ಹುಳವೊಂದು ಅವಳ ಅಂಗೈಯಲ್ಲಿ ಕಾಲಾಡಿಸಿತು. ಯಾವಾಗಲೋ ತಾಗಿದ ಗಾಯ ಗಟ್ಟಿಯಾಗಿ ಮುಚ್ಚಿಕೊಂಡು, ಹುಳ ಮಾತ್ರ ಚೆನ್ನಾಗಿ ತಿಂದು ಕೊಬ್ಬಿತ್ತು. ಅಪ್ಪಾ, ಇದು ಸಾಯಲಿಲ್ಲವಲ್ಲ ಎಂದರೆ ಅವನು ಕೇಳಿಸಿಕೊಳ್ಳದೆ ಬಗೆಯುತ್ತಲೇ ಇದ್ದ. ಎಷ್ಟೋ ವರ್ಷಗಳ ಮೇಲೆ, ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗಿಸುವಂಥದ್ದೇ ಒಂದು ಕಿಣ್ವ ಹುಳದ ರಕ್ತದಲ್ಲೂ ಉಂಟು, ಗಾಯ ಮುಚ್ಚುವುದೂ ಒಳಹೊಕ್ಕ ರೋಗಾಣುವನ್ನು ಕಪ್ಪು ಕವಚದಲ್ಲಿ ಕಟ್ಟಿಹಾಕುವುದೂ ಅದರ ಕೆಲಸ ಎಂದು ಪುಸ್ತಕದಲ್ಲಿ ಓದಿದಾಗ, ಲೈಬ್ರರಿಯ ಬೆಂಚಿನ ಮೇಲೆ ಅವಳಿಗೆ ಎದೆ ಹೊಡೆದುಕೊಂಡಿತ್ತು. ಹಾಗಾದರೆ ಗಾಯವಾಗದಿದ್ದಾಗ ಆ ಕಿಣ್ವ ಏನು ಮಾಡುತ್ತದೆ? ಹುಳದ ಮೈತುಂಬ ಹರಿಯುವ ರಕ್ತ ಒಳಗೇ ಯಾಕೆ ಕಪ್ಪಾಗುವುದಿಲ್ಲ? ಕಿಣ್ವ ಅಲ್ಲಿ ನಿದ್ದೆಯಲ್ಲಿ ಇರಬೇಕು, ಯಾವುದೋ ಒಂದು ಅದನ್ನು ಎಬ್ಬಿಸಬೇಕು. ಕಳೆದ ತಿಂಗಳು ಅಪ್ಪ ಪುತ್ತೂರಿಗೆ ಬಂದಿದ್ದಾಗ ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, ಡಬ್ಬಿಯಲ್ಲಿ ಸೆಗಣಿಯ ನಡುವೆ ಹೊರಳುತ್ತಿದ್ದ ಹುಳಗಳನ್ನು ಬಹಳ ಹೊತ್ತು ನೋಡಿದ್ದ. ಮಗಳನ್ನು ಇಷ್ಟು ಓದಿಸಿದ್ದು ಹುಳ ಹೆಕ್ಕಲಿಕ್ಕೆ ಅಂತ ಊರಲ್ಲಿ ಹೇಗೆ ಹೇಳುದು ಎಂದಿದ್ದ. ಸಿಟ್ಟಿನಿಂದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದ. ಅವಳು ಡಬ್ಬಿಯ ಮುಚ್ಚಳ ಹಾಕಿಬಿಟ್ಟಿದ್ದಳು.

ಅಷ್ಟರಲ್ಲಿ ಮೈಸೂರಿನಲ್ಲಿ ನಡೆದದ್ದು ನಡೆದುಹೋಗಿತ್ತು. ವಿಚಾರಗೋಷ್ಠಿಗೆ ಶೆಟ್ಟರೇ ಆಸೆಯಿಂದ ಕಳಿಸಿದ್ದರು. ಮಡಿಕೇರಿಯ ತಿರುವುಗಳಲ್ಲಿ ಹುಳದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಗಾಜಿನ ಕೊಳವೆಗಳನ್ನು ಸೀರೆಯಲ್ಲಿ ಸುತ್ತಿಕೊಂಡು ಹೋಗಿದ್ದಳು. ಒಮ್ಮೆ, ಒಂದೇ ಒಂದು ಸಲ, ಪುತ್ತೂರಿನಲ್ಲಿ ಮಂಜಿನ ಮೇಲಿಟ್ಟ ರಕ್ತ ಸಂಜೆಯವರೆಗೂ ತಿಳಿಯಾಗಿ ಉಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕಿಣ್ವ ನಿದ್ದೆಯಲ್ಲಿದೆಯೆಂಬುದಕ್ಕೆ ಅದೇ ಸಾಕ್ಷಿ ಎಂದು ಅಷ್ಟು ಜನರ ಮುಂದೆ ಹೇಳಿ, ಹುಳವನ್ನು ಚುಚ್ಚಿ, ರಕ್ತವನ್ನು ಕೊಳವೆಗೆ ಬಿಟ್ಟಳು. ಮಂಜಿನೊಳಗೇ ಅದು ಕಂದಾಯಿತು, ಬೂದು ಬಣ್ಣಕ್ಕೆ ತಿರುಗಿತು, ಮಾತು ಮುಗಿಯುವ ಮೊದಲೇ ಕಪ್ಪಾಯಿತು. ಮುಂದಿನ ಸಾಲಿನಲ್ಲಿದ್ದ ಪ್ರೊಫೆಸರರು ಎದ್ದು ಬಂದು ಕೊಳವೆಯನ್ನು ಬೆಳಕಿಗೆ ಹಿಡಿದು, ಮೊದಲು ಗಾಜು ತೊಳೆಯೋದು ಕಲೀರಿ ಅಮ್ಮಾ ಎಂದರು. ನಗು ಹಿಂದಿನ ಸಾಲಿನಿಂದ ಮುಂದಕ್ಕೆ ಬಂತು. ಆ ನಗುವನ್ನಾದರೂ ಸಹಿಸಬಹುದು. ಸಹಿಸಲಾಗದ್ದು ತನ್ನದೇ ಬಾಯಿಂದ ಆಗ ಬಿದ್ದ ಮಾತು. ತೊಳೆದದ್ದು ನಾನಲ್ಲ ಸರ್, ನಮ್ಮ ಅಟೆಂಡರ್ ಹೆಂಗಸು, ಅವಳಿಗೆ ಅಷ್ಟು ತಿಳಿಯುವುದಿಲ್ಲ. ಆ ಹೆಂಗಸು ಪಾತು. ಗಂಡ ತೀರಿಕೊಂಡ ಮೇಲೆ ಕಾಲೇಜಿಗೆ ಸೇರಿ, ಬಾವಿಯಿಂದ ನೀರು ಸೇದಿ ಸೇದಿ ಗಾಜು ತೊಳೆಯುತ್ತಿದ್ದವಳು. ಮೈಸೂರಿಂದ ಹಿಂತಿರುಗಿದ ಬೆಳಗ್ಗೆ, ಹೋದ ಕೆಲಸ ಒಳ್ಳೆದಾಯಿತಾ ಟೀಚರೇ ಎಂದು ಅವಳು ಕೇಳಿದಾಗ, ಆಯ್ತು ಪಾತು ಎಂದು ಹೇಳಿ ಕಮಲಾವತಿ ಬಾಗಿಲು ಹಾಕಿಕೊಂಡಿದ್ದಳು.

ಆಮೇಲಿನ ದಿನಗಳಲ್ಲಿ ಅವಳು ಕೆಲಸ ಮಾಡಿದ್ದು ಬರೀ ಹಟದಿಂದ. ಕೊಳವೆಗಳನ್ನು ತಾನೇ ಸೋಪಿನಲ್ಲಿ ಉಜ್ಜಿದಳು, ಕಪ್ಪಾಯಿತು. ಆಮ್ಲದಲ್ಲಿ ನೆನೆಸಿ, ಭಟ್ಟಿ ಇಳಿಸಿದ ನೀರಲ್ಲಿ ತೊಳೆದಳು, ಆಗಲೂ ಕಪ್ಪಾಯಿತು. ಹಾಗಾದರೆ ಪಾತುವಿನ ಕೈಯದೇನೂ ತಪ್ಪಿಲ್ಲ ಎಂಬುದು ತಿಳಿದು ಸಮಾಧಾನವಾಗುವ ಬದಲು ಇನ್ನಷ್ಟು ನಾಚಿಕೆಯಾಯಿತು. ತಿಳಿಯಾಗಿ ಉಳಿದ ಆ ಒಂದು ದಿನ ಏನು ಬೇರೆಯಿತ್ತು ಎಂದು ಬಸ್ಸಿನಲ್ಲಿ, ಪಾಠದ ನಡುವೆ, ಅನ್ನ ಬಸಿಯುವಾಗ, ಅವಳು ಅದೊಂದನ್ನೇ ತಿರುವಿ ಹಾಕುತ್ತಿದ್ದಳು. ಕೊನೆಗೆ ನೆನಪಾದದ್ದು ಮನೆಯಲ್ಲಿ ಅವಲಕ್ಕಿ ಹುರಿಯುತ್ತಿದ್ದಾಗ. ಆ ದಿನ ಕೊಳವೆಗಳು ಮುಗಿದಿದ್ದವು. ಟೊಳ್ಳು ಗಾಜಿನ ಕಡ್ಡಿಯೊಂದನ್ನು ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸಿ, ಎಳೆದು, ಕೂದಲೆಳೆಯಂಥ ನಳಿಗೆ ಮಾಡಿಕೊಂಡು ರಕ್ತವನ್ನು ಅದರಲ್ಲೇ ಹಿಡಿದಿದ್ದಳು. ಬೆಂಕಿ! ಮರುದಿನ ಕಬ್ಬಿಣದ ಬಾಣಲೆಗೆ ಹೊಳೆಯ ಮರಳು ತುಂಬಿ, ಕೊಳವೆಗಳನ್ನು ಅದರಲ್ಲಿ ಹೂತು, ಮೇಲಿಟ್ಟ ಕಾಗದದ ಚೂರು ಕಂದುವವರೆಗೆ ಸ್ಟವ್ ಉರಿಸಿದಳು. ಇದೆಂತ ಟೀಚರೇ, ಗಾಜು ಹುರಿಯುದಾ ಎಂದು ಪಾತು ನಕ್ಕಿದ್ದಳು. ಹುರಿದ ಗಾಜಿನಲ್ಲಿ ಹುಳದ ರಕ್ತ ತಿಳಿಯಾಗಿ ನಿಂತಿತು. ಮತ್ತೆ ಮಾಡಿದಳು, ಮತ್ತೆ ನಿಂತಿತು. ತೊಳೆದರೂ ಹೋಗದ, ಕಣ್ಣಿಗೆ ಕಾಣದ ಯಾವುದೋ ಕೊಳೆ ಗಾಜಿನ ಮೇಲಿತ್ತು, ಸುಟ್ಟರೆ ಮಾತ್ರ ಹೋಗುತ್ತಿತ್ತು. ಬಾವಿ ನೀರಿನ, ಗಾಳಿಯ, ಕೈಯ ಸೂಕ್ಷ್ಮಾಣುಗಳ ಅವಶೇಷವೇ ಇರಬೇಕು. ಹುಳದ ರಕ್ತ ಅದನ್ನು ಗುರುತಿಸುತ್ತಿತ್ತು. ಗುರುತಿಸಿ ಏಳುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತಳು. ದೋಸೆಗೆ ಹುಳಿ ಬರಿಸಿದ ಹಿಟ್ಟಿನ ತಿಳಿಯನ್ನು ಮನೆಯಿಂದ ತಂದು ಒಂದು ಹನಿ ಬಿಟ್ಟು ನೋಡುವ ಯೋಚನೆ ಹೊಳೆದದ್ದು ಅಲ್ಲಿಯೇ. ಆ ಹಿಟ್ಟಿನ ತುಂಬ ಸೂಕ್ಷ್ಮಾಣುಗಳೇ ಅಲ್ಲವೆ?

ಲಾರಿ ಬಂದಾಗ ಬಿಸಿಲು ಏರಿತ್ತು. ದಾರಿಯಲ್ಲಿ ಮಾಣಿ ಎಂಬ ಊರಿನ ಬಳಿ ಟೈರು ಹೋಯಿತಂತೆ. ಮೀನು ಮಾರುವ ಕುಂಞಿ ಮೋನು ಮೊದಲ ಪೆಟ್ಟಿಗೆಯ ಹಲಗೆ ಎಬ್ಬಿಸಿ ಒಳಗೆ ಇಣುಕಿದ. ಮರದ ಹುಡಿಯ ನಡುವೆ ಮಂಜುಗಡ್ಡೆ ಕರಗಿ ಸಣ್ಣ ಸಣ್ಣ ಕಲ್ಲುಗಳಾಗಿತ್ತು. ಎರಡನೆಯ ಪೆಟ್ಟಿಗೆಯಲ್ಲೂ ಹಾಗೆಯೇ. ನಾಳೆ ಕೊಡ್ತೇನೆ ಟೀಚರಮ್ಮ, ಇವತ್ತು ಮೀನಿಗೇ ಸಾಲದು ಎಂದ. ನಾಳೆ ಬೇಡ, ಇವತ್ತೇ ಬೇಕು ಎಂದಳು. ಮೀನು ಮಾರುವ, ಮೀನು ಕೊಳ್ಳುವ ಇಷ್ಟು ಜನರ ಮುಂದೆ ಮಂಜಿಗಾಗಿ ಅಳುವ ಸ್ಥಿತಿಗೆ ಬಂದೆನಲ್ಲ ಎನಿಸಿ ಮುಖ ತಿರುಗಿಸಿದಳು. ಹೋಗಿಬಿಡಬಹುದು. ಅಸ್ಥಿಪಂಜರ, ಜಾಡಿ, ಸೂಕ್ಷ್ಮದರ್ಶಕ. ಶೆಟ್ಟರಿಗೆ ಸಂತೋಷ, ಹುದ್ದೆ ಖಾಯಂ. ಯಾರೂ ಅವಳನ್ನು ದೂರುವ ಹಾಗಿಲ್ಲ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ ಮಾತು. ಮೈಸೂರಿನಲ್ಲಿ ತನ್ನನ್ನು ನೋಡಿ ನಕ್ಕವರು ಇವತ್ತು ಬರುತ್ತಿದ್ದಾರೆ, ತಾನು ಕಂಡದ್ದು ಸುಳ್ಳಲ್ಲವೆಂದು ಅವರಿಗೆ ತೋರಿಸಬೇಕು, ಅದಕ್ಕೆ ಮಂಜು ಬೇಕು ಎಂದು ಅವಳು ಬೇಡುವ ದನಿಯಿಲ್ಲದೆ, ಲೆಕ್ಕ ಹೇಳುವವಳ ಹಾಗೆ ಹೇಳಿದಳು. ಕುಂಞಿ ಮೋನು ಅವಳ ಮುಖವನ್ನು ಅಷ್ಟು ಹೊತ್ತು ನೇರವಾಗಿ ನೋಡಿದ್ದು ಅದೇ ಮೊದಲು. ಆಮೇಲೆ ಬಗ್ಗಿ ಕೊನೆಯ ಪೆಟ್ಟಿಗೆಯಲ್ಲಿ ದೊಡ್ಡ ಅಂಜಲ್ ಮೀನುಗಳ ಮೇಲಿದ್ದ ಮಂಜನ್ನು ಎರಡೂ ಕೈಯಲ್ಲಿ ಬಾಚಿ ಅವಳ ಪಾತ್ರೆಗೆ ತುಂಬತೊಡಗಿದ.

“ನಿಮ್ಮ ಮೀನು?” ಎಂದಳು.

“ಅಂಜಲ್ ಬೇಗ ಹೋಗ್ತದೆ. ಬೆಚ್ಚ ಆಗುವ ಮೊದಲೇ ಮಾರ್ತೇನೆ. ನೀವು ಬಿಸಿಲು ತಾಗದ ಹಾಗೆ ಮುಚ್ಚಿಡಿ, ತಡೀತದೆ.”

ಕಾಲೇಜಿನ ಗುಡ್ಡ ಏರುವಾಗ ಸೆರಗು ಮರೆಮಾಡಲಿಕ್ಕೆ ಅಲ್ಲ, ಬಿಸಿಲು ತಾಗದಿರಲಿ ಎಂದು ಪಾತ್ರೆಯ ಮೇಲಿತ್ತು. ಮೈಯಿಂದ ಮೀನಿನ ವಾಸನೆ ಬರುತ್ತಿತ್ತು. ಎದುರು ಸಿಕ್ಕ ಹುಡುಗಿಯರು ಮೂಗು ಹಿಂಡಿಕೊಂಡರೋ ಇಲ್ಲವೋ ಅವಳು ನೋಡಲಿಲ್ಲ. ಪ್ರಯೋಗಶಾಲೆಯಲ್ಲಿ ಪಾತು ಬಾಣಲೆಯ ಮರಳಿನಿಂದ ಕೊಳವೆಗಳನ್ನು ಇಕ್ಕುಳದಲ್ಲಿ ಎತ್ತಿ ಹತ್ತಿಯಿಂದ ಬಾಯಿ ಮುಚ್ಚಿಡುತ್ತಿದ್ದಳು. ಹೇಳದೆಯೇ ಮಾಡಿದ್ದಳು. ಮೈಸೂರಿನಲ್ಲಿ ತಾನಾಡಿದ ಮಾತನ್ನು ಪಾತುವಿಗೆ ಹೇಳಿಬಿಡಬೇಕೆಂದು ಕಮಲಾವತಿ ಬಾಯಿ ತೆರೆದಳು, ಆದರೆ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಸಮಿತಿಯ ಪರವಾಗಿ ಬಂದದ್ದು ಪ್ರೊಫೆಸರರೊಬ್ಬರೇ, ಮೈಸೂರಿನ ಆ ದಿನಕ್ಕಿಂತ ಕುಳ್ಳಗಾಗಿ ಕಂಡರು. ಅಸ್ಥಿಪಂಜರ ನೋಡಿದರು, ಜಾಡಿಗಳನ್ನು ನೋಡಿದರು, ಸೂಕ್ಷ್ಮದರ್ಶಕದ ತಿರುಪನ್ನು ಮುಟ್ಟಿ ತಲೆಯಾಡಿಸಿದರು. ಶೆಟ್ಟರು ಕಾಫಿಗೆ ಹೋಗೋಣವೆಂದು ಬಾಗಿಲ ಕಡೆ ಕೈ ತೋರಿದರು. ಹೋಗಲು ತಿರುಗಿದ ಪ್ರೊಫೆಸರರ ಬೆನ್ನಿಗೆ ಕಮಲಾವತಿ, ಸರ್, ಇನ್ನೊಂದು ಉಂಟು ಎಂದಳು.  ಶೆಟ್ಟರ ಮುಖ ಬಿಳುಚಿತು. ಅವರಿಗೆ ನೋವಾಗುತ್ತದೆಂದು ಅವಳಿಗೆ ಗೊತ್ತಿತ್ತು, ಕೊಟ್ಟ ಮಾತು ಮುರಿಯುತ್ತಿದ್ದೇನೆಂದೂ ಗೊತ್ತಿತ್ತು, ಆದರೆ ಕೈಗಳು ಆಗಲೇ ಪಾತ್ರೆಯ ಮುಚ್ಚಳ ತೆಗೆದಿದ್ದವು. ಮಂಜಿನಲ್ಲಿ ಸಾಲಾಗಿ ಕೊಳವೆಗಳನ್ನು ನಿಲ್ಲಿಸಿದಳು. ಎಲ್ಲದಕ್ಕೂ ತಣ್ಣಗಾದ ಉಪ್ಪುನೀರು, ಕಿಣ್ವ ಎಚ್ಚರವಾಗಿದ್ದರೆ ಕಪ್ಪಾಗಿಸಬೇಕಾದ ಕೆಟೆಕಾಲ್ ಎಂಬ ಪುಡಿಯ ದ್ರಾವಣ. ಕೊಬ್ಬಿದ ಹುಳವೊಂದನ್ನು ಒರೆಸಿ, ದೀಪದಲ್ಲಿ ಸುಟ್ಟ ಸೂಜಿಯಿಂದ ಕಾಲಿನ ಬುಡದಲ್ಲಿ ಚುಚ್ಚಿದಳು. ಹನಿ ಉಕ್ಕಿತು.  ಮೊದಲ ಕೊಳವೆಗೆ ಬರೀ ರಕ್ತ. ಎರಡನೆಯದಕ್ಕೆ ರಕ್ತ ಮತ್ತು ಒಂದು ಹನಿ ದೋಸೆ ಹಿಟ್ಟಿನ ತಿಳಿ, ಅದೂ ಕುದಿಸಿ ಆರಿಸಿದ್ದು. ಮೂರನೆಯದಕ್ಕೆ ರಕ್ತವಿಲ್ಲದೆ ಆ ತಿಳಿ ಮಾತ್ರ. ಕೊನೆಯದಕ್ಕೆ ತಿಳಿಯ ಜೊತೆಗೆ ಮೊದಲೇ ಕುದಿಸಿದ ರಕ್ತ.

 ಕಿಟಕಿಯಾಚೆ ಯಾರೋ ಚೆಂಡಾಡುತ್ತಿದ್ದರು. ಕಮಲಾವತಿ ಕೊಳವೆಗಳನ್ನು ನೋಡಲಾರದೆ ಮಂಜು ಕರಗಿ ಪಾತ್ರೆಯ ಹೊರಗೆ ಬೆವರಿದ ಹನಿಗಳನ್ನೇ ನೋಡುತ್ತಿದ್ದಳು. ಅವುಗಳಲ್ಲೊಂದು ಜಾರಿ ಇನ್ನೊಂದನ್ನು ಸೇರಿತು. ಹೀಗೆ ಕಣ್ಣು ತಪ್ಪಿಸಿ ನಿಂತಿರುವುದೂ ಒಂದು ಹೇಡಿತನ ಎನಿಸಿ ತಲೆಯೆತ್ತಿದಾಗ, ಎರಡನೆಯ ಕೊಳವೆಯ ತಳದಲ್ಲಿ ಕಂದು ಹೊಗೆಯೊಂದು ಸುರುಳಿಯಾಗಿ ಏಳುತ್ತಿತ್ತು. ಅದು ಏರಿತು, ಹರಡಿತು, ದಟ್ಟವಾಯಿತು. ಮೊದಲನೆಯ ಕೊಳವೆ ಎಳನೀರಿನಷ್ಟೇ ತಿಳಿ. ಮೂರನೆಯದೂ ತಿಳಿ. ಕೊನೆಯದರಲ್ಲಿ ಬೆಂದ ರಕ್ತದ ಬಿಳಿಯ ಚೂರುಗಳು ಸುಮ್ಮನೆ ತೇಲುತ್ತಿದ್ದವು. ನೋಡುತ್ತಿದ್ದ ಹಾಗೆಯೇ ಎರಡನೆಯದು ಮಸಿಯಾಯಿತು. 

ಪ್ರೊಫೆಸರರು ಕುರ್ಚಿ ಎಳೆದುಕೊಂಡು ಕೂತರು. ತಂಪಿನಲ್ಲಿ ಯಾವ ಕಿಣ್ವವಾದರೂ ನಿಧಾನವೇ, ಮೊದಲನೆಯದು ಕಪ್ಪಾಗದಿರುವುದು ಮಂಜಿನಿಂದ ಇರಬಹುದಲ್ಲ ಎಂದರು. ಎರಡೂ ಒಂದೇ ಮಂಜಿನಲ್ಲಿವೆ ಸರ್, ಒಂದೇ ಹುಳದ ರಕ್ತ ಎಂದಳು. ಹಿಟ್ಟಿನ ಸೂಕ್ಷ್ಮಾಣುಗಳೇ ಕಪ್ಪು ಮಾಡಿರಬಹುದು ಎಂದರು. ಅವು ಕುದಿದು ಸತ್ತಿವೆ, ರಕ್ತವಿಲ್ಲದ ಕೊಳವೆಯಲ್ಲಿ ಕಪ್ಪಿಲ್ಲ ಎಂದಳು. ಎಬ್ಬಿಸುವಂಥದ್ದು ಕುದಿಸಿದರೂ ಹಾಳಾಗುವುದಿಲ್ಲ, ಏಳುವಂಥದ್ದು ಕುದಿಸಿದರೆ ಹಾಳಾಗುತ್ತದೆ, ಆದ್ದರಿಂದ ಕಿಣ್ವವಿರುವುದು ರಕ್ತದಲ್ಲೇ ಎಂದು ಅವಳು ಕೊನೆಯ ಕೊಳವೆಯನ್ನು ತೋರಿಸಿದಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಅವಳಲ್ಲಿತ್ತು. ಆ ಪ್ರಶ್ನೆಗಳನ್ನೆಲ್ಲ ಅವಳೇ ತನಗೆ ಇದಕ್ಕಿಂತ ಕಟುವಾಗಿ ಕೇಳಿಕೊಂಡಿದ್ದಳು. ಪ್ರೊಫೆಸರರು ಕೋಟು ಬಿಚ್ಚಿ, ತಾವೇ ಇನ್ನೊಂದು ಹುಳ ಎತ್ತಿಕೊಂಡು, ತಾವೇ ಚುಚ್ಚಿ, ಮತ್ತೆ ಎಲ್ಲವನ್ನೂ ಮಾಡಿ ನೋಡಿದರು.  ಅವರ ಕೊಳವೆಗಳೂ ಅದನ್ನೇ ಹೇಳಿದವು. ಅಷ್ಟರಲ್ಲಿ ಅವರ ಮುಖದಲ್ಲಿದ್ದ ಸಮಿತಿಯ ಗಾಂಭೀರ್ಯವೆಲ್ಲ ಹೋಗಿ, ಕುತೂಹಲದ ಮುದುಕರೊಬ್ಬರು ಉಳಿದಿದ್ದರು.

“ಮೈಸೂರಿನಲ್ಲಿ ನಾನು ನಿಮ್ಮ ಗಾಜು ಕೊಳಕು ಅಂದಿದ್ದೆ, ಅಲ್ಲವೆ?” ಎಂದರು.

“ಹೌದು ಸರ್. ಕೊಳಕೇ ಆಗಿತ್ತು. ಹಾಗಾಗಿ ಇದು ಗೊತ್ತಾಯಿತು.”

ಅವರು ನಕ್ಕರು. ಆ ನಗುವಿನಲ್ಲಿ ಅವಳನ್ನೂ ಸೇರಿಸಿಕೊಂಡಿದ್ದರು. ತಿಳಿಯಾಗಿದ್ದ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಷ್ಟು ಶುದ್ಧವಾದ ಗಾಜು ತಮ್ಮಲ್ಲೂ ಸಿಗುವುದು ಕಷ್ಟ, ಯಾರು ತಯಾರು ಮಾಡಿದ್ದು ಎಂದು ಕೇಳಿದರು. ಬಾಗಿಲ ಬಳಿ ಪಾತು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಮೈಸೂರಿನ ಆ ಸಭೆ, ಹಿಂದಿನ ಸಾಲು, ತನ್ನ ಬಾಯಿಂದ ಬಿದ್ದ ಆ ಮಾತು ಎಲ್ಲವೂ ಒಮ್ಮೆಗೆ ಕಮಲಾವತಿಯ ಕಣ್ಣಮುಂದೆ ಬಂತು.

“ಇವರು, ಪಾತು. ಆ ದಿನ ಕೂಡ ತೊಳೆದದ್ದು ಇವರೇ, ಚೆನ್ನಾಗಿಯೇ ತೊಳೆದಿದ್ದರು. ತಿಳಿಯದೆ ಇದ್ದದ್ದು ನನಗೆ.”

ಪಾತುವಿಗೆ ಮೈಸೂರಿನ ಸಂಗತಿ ಏನೂ ಗೊತ್ತಿರಲಿಲ್ಲ. ಆದರೂ ಕೋಟು ಬಿಚ್ಚಿದ ದೊಡ್ಡ ಮನುಷ್ಯರು ತನ್ನ ಕಡೆ ತಿರುಗಿ ತಲೆಬಾಗಿಸಿದ್ದು ನೋಡಿ ಅವಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು, ಹೊರಗೆ ಹೋಗಲಿಲ್ಲ. ಹಿಟ್ಟಿನಲ್ಲಿ ಎಬ್ಬಿಸುವ ವಸ್ತು ಯಾವುದು ಎಂದು ಪ್ರೊಫೆಸರರು ಕೇಳಿದರು. ಗೊತ್ತಿಲ್ಲ ಸರ್ ಎಂದಳು. ರಕ್ತದಲ್ಲಿ ಅದನ್ನು ಗುರುತಿಸುವುದು ಯಾವುದು? ಅದೂ ಗೊತ್ತಿಲ್ಲ. ಹಾಗೆ ಹೇಳುವಾಗ ಅವಳಿಗೆ ನಾಚಿಕೆಯಾಗಲಿಲ್ಲ, ಹಸಿವಿನಂಥ ಒಂದು ಸುಖವಾಯಿತು. ಗೊತ್ತಿಲ್ಲದ್ದೆಲ್ಲ ಇನ್ನು ಅವಳದೇ ಕೆಲಸ. ಹಾಗಾದರೆ ಕಂಡುಹಿಡಿಯಿರಿ, ಸಂಶೋಧನೆಗೆ ಹೆಸರು ನೋಂದಾಯಿಸಿ, ನಾನು ಮಾರ್ಗದರ್ಶಕನಾಗುತ್ತೇನೆ, ಇದನ್ನು ಬರೆದು ಕಳಿಸಿ, ನಿಮ್ಮ ಹೆಸರೊಂದರಲ್ಲೇ ಎಂದು ಅವರು ಕೋಟು ತೊಡುತ್ತ ಹೇಳಿದರು. ಅವಳ ಹುದ್ದೆಯ ಮಾತನ್ನು ಶೆಟ್ಟರೇ ತೆಗೆದರು. ಇಂಥವರನ್ನು ಇನ್ನೂ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದೀರಾ ಎಂದು ಪ್ರೊಫೆಸರರು ಕೇಳಿದ್ದಕ್ಕೆ, ಈ ತಿಂಗಳಲ್ಲೇ ಖಾಯಂ ಸರ್ ಎಂದು, ತಾವು ಮೊದಲಿಂದಲೂ ಅದನ್ನೇ ಹೇಳುತ್ತಿದ್ದವರ ಹಾಗೆ, ಗಟ್ಟಿಯಾಗಿ ಹೇಳಿದರು. ಕಾರು ಹೋದ ಮೇಲೆ ವರಾಂಡದಲ್ಲಿ ನಿಂತು ಕನ್ನಡಕ ಒರೆಸಿಕೊಂಡರು. ಬೇಡ ಅಂದದ್ದು ನಿಮ್ಮ ಒಳ್ಳೆದಕ್ಕೇ ಎಂದರು. ಗೊತ್ತುಂಟು ಸರ್ ಎಂದಳು, ನಿಜವಾಗಿಯೂ ಗೊತ್ತಿತ್ತು. ಆಮೇಲೆ ಅವರು ನಾಚಿದವರಂತೆ, ಆ ಕಪ್ಪಾದದ್ದನ್ನು ಇನ್ನೊಮ್ಮೆ ತೋರಿಸುತ್ತೀರಾ ಎಂದು ಕೇಳಿದರು.

ಸಂಜೆ ಗುಡ್ಡ ಇಳಿದು ಪೇಟೆಗೆ ಬಂದಾಗ ಅವಳಿಗೆ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಯಿತು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಿಂದ ಗೋಳಿಬಜೆ ಕರಿಯುವ ವಾಸನೆ ಬರುತ್ತಿತ್ತು. ಎಷ್ಟೋ ವರ್ಷ ಆ ಬಾಗಿಲ ಮುಂದೆ ಹಾದುಹೋಗಿದ್ದಳು. ಹೆಂಗಸೊಬ್ಬಳೇ ಒಳಗೆ ಕೂತದ್ದನ್ನು ಕಂಡಿರಲಿಲ್ಲ, ತಾನೂ ಕೂತಿರಲಿಲ್ಲ. ಇವತ್ತು ಕಾಲು ತಾನಾಗಿ ಮೆಟ್ಟಿಲು ಹತ್ತಿತು. ಹೋಟೆಲಿನ ಮಾಣಿ ಓಡಿಬಂದು ಹಿಂದಿನ ಪರದೆಯ ಕಡೆ ಕೈ ತೋರಿಸಿ, ಫ್ಯಾಮಿಲಿ ರೂಮು ಉಂಟಮ್ಮ ಎಂದ. ಇಲ್ಲಿಯೇ ಆಗಬಹುದು ಎಂದು ಅವಳು ಬೀದಿಗೆ ಎದುರಾದ ಮೇಜಿನ ಮುಂದೆ ಕೂತಳು. ಪಕ್ಕದ ಮೇಜಿನ ಗಂಡಸರ ಮಾತು ನಿಂತಿತು. ಗಲ್ಲಾದ ಮುಂದಿದ್ದ ಯಜಮಾನರು ನೋಡಿದರು. ಮೈಯಲ್ಲಿ ಮೀನಿನ ವಾಸನೆ, ಉಗುರಿನಲ್ಲಿ ಸೆಗಣಿ, ಬೆರಳ ತುದಿಯಲ್ಲಿ ಉಜ್ಜಿದರೂ ಹೋಗದ ಕಪ್ಪು. ಅವಳೂ ಅವರನ್ನು ನೋಡಿದಳು, ಅವರು ಚಿಲ್ಲರೆ ಎಣಿಸತೊಡಗುವವರೆಗೆ. ಗೋಳಿಬಜೆ ಬಂತು. ಬಿಸಿ ಆರುವವರೆಗೆ ಕಾಯಲಾರದೆ ಮುರಿದು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಬಾಯಿತುಂಬ ತಿಂಡಿಯಿದ್ದ ಹಾಗೆಯೇ ನಗು ಬಂತು. ಪಕ್ಕದ ಮೇಜಿನಲ್ಲಿ ಮಾತು ಮತ್ತೆ ಶುರುವಾಯಿತು.

“ಚಟ್ನಿ ಇನ್ನೂ ಸ್ವಲ್ಪ ಹಾಕಿ” ಎಂದಳು. ಹೋಟೆಲಿನ ಕೊನೆಯ ಮೇಜಿನವರೆಗೂ ಅದು ಸ್ಪಷ್ಟವಾಗಿ ಕೇಳಿಸಿತು.